ಓದಲು ಮಾತ್ರ ಬಿಟ್ಟ ಫೈಲನ್ನು ತಿದ್ದಿದ್ದು ಹೇಗೆ?

ಫೈಲಿಗೆ ಓದುವ ಅನುಮತಿ ಮಾತ್ರ ಕೊಟ್ಟಿದ್ದೇನೆ. ಲಿನಕ್ಸ್‌ನ ಡರ್ಟಿ ಕೌ ಎಂಬ ಭದ್ರತಾ ದೋಷ ಬಳಸಿ ಅದನ್ನೂ ತಿದ್ದಬಹುದು ಅಂತಾರೆ. ನಿಜವೇ?

ದೋಷ ಸರಿಪಡಿಸದ ಹಳೆಯ ಲಿನಕ್ಸ್ ಆದರೆ ನಿಜ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಅನುಮತಿಯನ್ನು ಕಾಯುವುದು ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಅದೇ ಎಡವಿದರೆ ನೀವು ಕೊಟ್ಟ ಅನುಮತಿಗೆ ಬೆಲೆಯಿಲ್ಲ.

ಲಿನಕ್ಸ್‌ನಲ್ಲಿ ಫೈಲನ್ನು ಖಾಸಗಿಯಾಗಿ ಮ್ಯಾಪ್ ಮಾಡಿಕೊಂಡು (ಅಂದರೆ ನಿಮ್ಮ ಪ್ರೋಗ್ರಾಮಿನ ಮೆಮೊರಿಗೆ ಜೋಡಿಸಿಕೊಂಡು) ಬರೆಯಲು ಹೋದರೆ, ಕರ್ನಲ್ ಆ ಪುಟದ, ಅಂದರೆ ಮೆಮೊರಿಯ ಆ ತುಂಡಿನ, ನಕಲು ಮಾಡಿಕೊಡುತ್ತದೆ. ಮೂಲ ಹಾಗೇ ಉಳಿಯುತ್ತದೆ. ಇದೇ ಕಾಪಿ ಆನ್ ರೈಟ್. ಆದರೆ ಈ ಕೆಲಸ ಒಂದೇ ಏಟಿಗೆ ಮುಗಿಯುವುದಿಲ್ಲ. ಮೊದಲು ನಕಲು, ಆಮೇಲೆ ಪುಟವನ್ನು ಮತ್ತೆ ಹುಡುಕಿ ಬರೆಯುವುದು. ನಕಲು ಆಯಿತಲ್ಲ ಅಂತ ಎರಡನೇ ಹುಡುಕಾಟದಲ್ಲಿ ಕರ್ನಲ್ 'ಬರೆಯಲು ಬೇಕು' ಎಂಬ ಗುರುತನ್ನೇ ತೆಗೆದುಬಿಡುತ್ತಿತ್ತು. ಆ ಸಂದಿಯಲ್ಲಿ ದಾಳಿಕೋರನ ಪ್ರೋಗ್ರಾಮಿನ ಇನ್ನೊಂದು ಥ್ರೆಡ್ (ಜೊತೆಜೊತೆಗೇ ಓಡುವ ಎಳೆ) ಮ್ಯಾಡ್‌ವೈಸ್ ಎಂಬ ಕರ್ನಲ್ ಸೇವೆಯನ್ನು ಕರೆದು, ಈ ಪುಟ ಬೇಡ ಅನ್ನುತ್ತದೆ. ನಕಲು ಮಾಯ. ಈಗ ಸಿಗುವುದು ಮೂಲ ಪುಟ. ಓದಲಿಕ್ಕೆ ತಾನೇ ಅಂತ ಕರ್ನಲ್ ಅದನ್ನೇ ಕೊಡುತ್ತದೆ, ಬರಹ ನೇರ ಮೂಲಕ್ಕೇ ಬೀಳುತ್ತದೆ. ಸಾವಿರ ಸಲ ತಪ್ಪಿದರೂ ಚಿಂತೆಯಿಲ್ಲ, ಲೂಪ್ ತಿರುಗುತ್ತಲೇ ಇರುತ್ತದೆ. ಒಂದು ಸಲ ಗೆದ್ದರೆ ಪಾಸ್‌ವರ್ಡ್ ಫೈಲನ್ನೇ ತಿದ್ದಿ ರೂಟ್, ಅಂದರೆ ಎಲ್ಲ ಅಧಿಕಾರವಿರುವ ಬಳಕೆದಾರ, ಆಗಬಹುದು.

ಲಿನಕ್ಸ್ ಕರ್ನಲ್‌ನ 2007ರ 2.6.22 ಆವೃತ್ತಿಯಿಂದ ದಾಳಿಗೆ ಸಿಗುತ್ತಿದ್ದ ದೋಷ ಇದು. ಸರಿಹೋಗಿದ್ದು 2016ರ ಅಕ್ಟೋಬರ್‌ನಲ್ಲಿ. ಇದೇ ಜಾಗವನ್ನು ಸರಿಪಡಿಸಲು ಸುಮಾರು 11 ವರ್ಷ ಮೊದಲೇ ಯತ್ನಿಸಿದ್ದೆ, ಆ ತಿದ್ದುಪಡಿಯನ್ನು ಹಿಂದಕ್ಕೆ ಪಡೆಯಬೇಕಾಯಿತು ಎಂದು ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅವರೇ ಬರೆದಿದ್ದಾರೆ. 2016ರ ಪ್ಯಾಚ್ (ತಿದ್ದುಪಡಿ) 'ಬರೆಯಲು ಬೇಕು' ಎಂಬ ಗುರುತನ್ನು ತೆಗೆಯದೆ, 'ನಕಲು ಆಗಿದೆ' ಎಂಬ ಬೇರೆ ಗುರುತನ್ನು ಸೇರಿಸಿತು. ಅದರಲ್ಲೂ ದೊಡ್ಡ ಪುಟಗಳ ಮಟ್ಟಿಗೆ ಲೋಪ ಸಿಕ್ಕಿ 2017ರಲ್ಲಿ ಇನ್ನೊಂದು ಪ್ಯಾಚ್ ಬಂತು. 'ಆಗಲೇ ಹಾಕಿದ್ದೇನೆ' ಅನ್ನುವವರು ಇದನ್ನು ಗಮನಿಸಿ.

ನನ್ನದು ಒಂದೇ ಕೋರ್‌ನ ಯಂತ್ರ. ಎರಡು ಥ್ರೆಡ್‌ಗಳ ನಡುವೆ ಇಂಥ ರೇಸ್ (ಪೈಪೋಟಿ) ಆಗೋದೇ ಇಲ್ಲ, ಅಲ್ವಾ?

ತಪ್ಪು. ಒಂದು ಥ್ರೆಡ್ಡನ್ನು ನಡುವೆ ನಿಲ್ಲಿಸಿ ಇನ್ನೊಂದನ್ನು ಓಡಿಸಿದರೆ ಸಾಕು, ಸಂದಿ ಸಿಗುತ್ತದೆ.

ಸರ್ವರ್‌ಗೆ ನಾನೊಬ್ಬನೇ ಲಾಗಿನ್ ಆಗೋದು. ಪ್ಯಾಚ್ ಯಾಕೆ?

ನಿಮ್ಮ ವೆಬ್ ಅಪ್ಲಿಕೇಶನ್ನಿನಲ್ಲಿ ಒಂದು ತೂತು ಸಿಕ್ಕರೆ ಒಳಗೆ ಇಬ್ಬರಾಗುತ್ತೀರಿ. ಆಗ ಇಂಥ ದೋಷವೇ ಅವನಿಗೆ ರೂಟ್‌ವರೆಗೆ ಏಣಿ.

ಕರ್ನಲ್ ರಕ್ಷಕ ಅಂತ ಒಂದು ಸ್ಕ್ರಿಪ್ಟ್ ಮಾರುತ್ತಿದ್ದಾರೆ. ಹಾಕಲೇ?

ಬೇಡ! ಗುರುತಿಲ್ಲದವರ ಸ್ಕ್ರಿಪ್ಟನ್ನು ರೂಟ್ ಆಗಿ ಓಡಿಸುವುದು ಅಂದರೆ ನೀವೇ ಕೀಲಿ ಕೊಟ್ಟಂತೆ. ಇಂಥವನ್ನು ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅಪ್‌ಡೇಟ್ ಮಾಡಿ ತಿಂಗಳಾಯಿತು, ರೀಬೂಟ್ ಮಾಡಿಲ್ಲ. ಪರವಾಗಿಲ್ವಾ?

ಲೈವ್ ಪ್ಯಾಚ್ (ಓಡುತ್ತಿರುವ ಕರ್ನಲನ್ನೇ ತಿದ್ದುವ) ವ್ಯವಸ್ಥೆ ಇಲ್ಲದಿದ್ದರೆ ಇನ್ನೂ ಓಡುತ್ತಿರುವುದು ಹಳೆಯ ಕರ್ನಲ್ಲೇ. ಇವತ್ತೇ ರೀಬೂಟ್ ಮಾಡಿ.