ಒಂದೇ ಪ್ಲೇಟು, ಎರಡು ತುಂಡು, ಒಂದರಲ್ಲಿ ಮಾತ್ರ ಬಿರುಕು: ರೋಲಿಂಗ್ ದಿಕ್ಕು ನೋಡಿ

ಒಂದೇ ಪ್ಲೇಟಿನಿಂದ ಎರಡು ಬ್ರಾಕೆಟ್ ಕತ್ತರಿಸಿದ್ದೀರಿ. ಒಂದು ಸಲೀಸಾಗಿ ಬಾಗಿದೆ, ಇನ್ನೊಂದು ಬಾಗಿದ ಗೆರೆಯುದ್ದಕ್ಕೂ ಬಿರುಕು ಬಿಟ್ಟಿದೆ. ಸ್ಟೀಲೇ ಕಳಪೆನಾ ಅಂತ ಕೇಳಿದ್ದೀರಿ. ಈಗಲೇ ಹಾಗೆ ತೀರ್ಮಾನ ಮಾಡಬೇಡಿ. ನಿಮ್ಮ ಫೋಟೋ ದೊಡ್ಡದು ಮಾಡಿ ನೋಡಿದೆ. ಬಿರುಕಿನ ಒಳಗೆ ಸೀಳಿದ ಕಟ್ಟಿಗೆಯ ಹಾಗೆ ಉದ್ದುದ್ದ ಎಳೆಗಳು ಕಾಣುತ್ತಿವೆ. ಬಿರುಕು ಬಿಟ್ಟ ತುಂಡಿನಲ್ಲಿ ಬಾಗಿಸಿದ ಗೆರೆ ರೋಲಿಂಗ್ ದಿಕ್ಕಿಗೆ, ಅಂದರೆ ಕಾರ್ಖಾನೆಯಲ್ಲಿ ರೋಲರುಗಳ ನಡುವೆ ಪ್ಲೇಟನ್ನು ಉದ್ದಕ್ಕೆ ಒತ್ತಿದ ದಿಕ್ಕಿಗೆ, ಸಮಾನಾಂತರವಾಗಿ ಬಂದಿದೆ ಅನ್ನೋದು ನನ್ನ ಅಂದಾಜು.

ಆ ಎಳೆಗಳು ಎಲ್ಲಿಂದ ಬಂದವು? ಯಾವ ಸ್ಟೀಲಿನಲ್ಲೂ ಸ್ವಲ್ಪ ಗಂಧಕ ಉಳಿದೇ ಇರುತ್ತದೆ. ಅದು ಕಬ್ಬಿಣದ ಜೊತೆ ಸೇರಿದರೆ ಕಾಯಿಸಿ ಬಡಿಯುವಾಗಲೇ ಸ್ಟೀಲು ಒಡೆಯುತ್ತದೆ. ಹಾಗಾಗಬಾರದು ಅಂತಲೇ ಮ್ಯಾಂಗನೀಸ್ ಹಾಕುತ್ತಾರೆ. ಅದು ಗಂಧಕವನ್ನು ಹಿಡಿದುಕೊಂಡು ಮ್ಯಾಂಗನೀಸ್ ಸಲ್ಫೈಡ್ ಆಗುತ್ತದೆ. ಎರಕದಲ್ಲಿ ಇವು ಸಣ್ಣ ಸಣ್ಣ ಕಣಗಳು. ಆದರೆ ರೋಲಿಂಗ್ ಶಾಖದಲ್ಲಿ ಮೆತ್ತಗಿರುವುದರಿಂದ ಸ್ಟೀಲಿನ ಜೊತೆ ತಾವೂ ಉದ್ದಕ್ಕೆ ಎಳೆದುಕೊಂಡು ಚಪ್ಪಟೆಯಾಗುತ್ತವೆ. ಸ್ಟೀಲಿನಲ್ಲಿ ಉಳಿಯುವ ಇನ್ನೊಂದು ಕಲ್ಮಶ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಹೀಗೆ ಉದ್ದವಾಗುವುದಿಲ್ಲ, ಪುಡಿಯಾಗಿ ಅದೇ ದಿಕ್ಕಿನಲ್ಲಿ ಸಾಲಾಗಿ ಕೂರುತ್ತದೆ.

ಎಳೆಗಳ ಉದ್ದಕ್ಕೆ ಎಳೆದರೆ ಅಷ್ಟು ತೊಂದರೆಯಿಲ್ಲ. ಅಡ್ಡಕ್ಕೆ ಎಳೆದರೆ ಒಂದೊಂದು ಎಳೆಯೂ ಬಿರುಕು ಶುರುವಾಗುವ ಜಾಗ. ಬಾಗಿಸಿದಾಗ ಹೊರಮೈ ಬಾಗಿನ ಗೆರೆಗೆ ಅಡ್ಡಕ್ಕೆ ಹಿಗ್ಗುತ್ತದೆ, ಹಾಗಾಗಿ ಗೆರೆ ಎಳೆಗಳಿಗೆ ಸಮಾನಾಂತರವಾಗಿದ್ದರೆ ಆಗೋದು ಇದೇ. ದಪ್ಪದ ದಿಕ್ಕಿನಲ್ಲಿ ಎಳೆದರೆ ಇನ್ನೂ ಕೆಟ್ಟದು. ಇಲ್ಲೇ ಜಾಸ್ತಿ ಜನ ಮೋಸ ಹೋಗೋದು: ಉದ್ದ, ಅಡ್ಡ ಎರಡರಲ್ಲೂ ಎಳೆತ ತಾಳುವ ಬಲ ಹೆಚ್ಚುಕಮ್ಮಿ ಒಂದೇ ಬರುತ್ತದೆ. ಕಡಿಮೆಯಾಗೋದು ಮುರಿಯುವ ಮುಂಚೆ ಹಿಗ್ಗುವ ಗುಣ ಮತ್ತು ಪೆಟ್ಟು ತಾಳುವ ಗುಣ. ಟೈಟಾನಿಕ್ ಹಡಗಿನ ಪ್ಲೇಟನ್ನು ಪರೀಕ್ಷಿಸಿದಾಗ ಅದರಲ್ಲಿ 0.069% ಗಂಧಕ ಇತ್ತು. ಪೆಟ್ಟಿನ ಪರೀಕ್ಷೆಯಲ್ಲಿ ಆ ಸ್ಟೀಲು ಪೆಡಸಾಗುವ ಉಷ್ಣಾಂಶ (ಇದಕ್ಕಿಂತ ತಣ್ಣಗಾದರೆ ಸುಲಭವಾಗಿ ಒಡೆಯುತ್ತದೆ) ಉದ್ದಕ್ಕೆ 32 ಡಿಗ್ರಿ ಸೆಲ್ಸಿಯಸ್, ಅಡ್ಡಕ್ಕೆ 56. ಅದೇ ಪ್ಲೇಟು, ದಿಕ್ಕು ಮಾತ್ರ ಬೇರೆ!

ಈಗ ನಿಮ್ಮ ಕೆಲಸಕ್ಕೆ ಬರೋಣ. ಉಳಿದ ಪ್ಲೇಟಿನಿಂದ ಒಂದಕ್ಕೊಂದು ಅಡ್ಡವಾಗಿ ಎರಡು ಪಟ್ಟಿ ಕತ್ತರಿಸಿ, ಒಂದೇ ರೇಡಿಯಸ್‌ಗೆ ಬಾಗಿಸಿ. ಬಿರುಕು ಬಿಡದೆ ಬಾಗಿದ ಪಟ್ಟಿಯ ಉದ್ದವೇ ರೋಲಿಂಗ್ ದಿಕ್ಕು. ಬಾಗುವ ಗೆರೆ ಯಾವಾಗಲೂ ಅದಕ್ಕೆ ಅಡ್ಡವಾಗಿ ಬರುವಂತೆ ಗುರುತು ಹಾಕಿ. ಒಂದೇ ತುಂಡಿನಲ್ಲಿ ಒಂದಕ್ಕೊಂದು ಅಡ್ಡವಾದ ಎರಡು ಗೆರೆಗಳಲ್ಲಿ ಬಾಗಿಸಬೇಕಾದರೆ ರೋಲಿಂಗ್ ದಿಕ್ಕಿಗೆ 45 ಡಿಗ್ರಿ ಓರೆಗೆ ಕತ್ತರಿಸಿ. ಒಳ ರೇಡಿಯಸ್ ದೊಡ್ಡದು ಮಾಡಿ. ಕತ್ತರಿಸಿದ ಅಂಚನ್ನು ಉಜ್ಜಿ ನುಣ್ಣಗೆ ಮಾಡಿ, ಬರ್ (ಕತ್ತರಿಸಿದಾಗ ಅಂಚಿನಲ್ಲಿ ಏಳುವ ಚೂಪು ಮುಳ್ಳು) ಇದ್ದ ಮಗ್ಗುಲು ಬಾಗಿನ ಒಳಗಡೆ ಇರಲಿ.

ಕಾಯಿಸಿ ನಿಧಾನಕ್ಕೆ ತಣಿಸಿದರೆ ಸರಿಹೋಗುತ್ತಾ ಅಂತ ಇನ್ನೊಬ್ಬರು ಕೇಳಿದ್ದರು. ಸ್ಟೀಲು ಮೆತ್ತಗಾಗುತ್ತದೆ, ಅದರಿಂದ ಸ್ವಲ್ಪ ಅನುಕೂಲ ಇದೆ. ಆದರೆ ಸಲ್ಫೈಡ್ ಎಳೆಗಳು ಎಲ್ಲೂ ಹೋಗುವುದಿಲ್ಲ. ಲೇತ್ ಕೆಲಸಕ್ಕೆ ಅಂತಲೇ ಮಾಡಿದ 1144 ತರದ ಸ್ಟೀಲಿನಲ್ಲಿ 0.24ರಿಂದ 0.33% ಗಂಧಕವನ್ನು ಬೇಕಂತಲೇ ಇಟ್ಟಿರುತ್ತಾರೆ. ಅದನ್ನು ಸುಮ್ನೆ ಬಾಗಿಸೋಕೆ ಹೋಗಬೇಡಿ.

ಒಂದು ವಿಷಯಕ್ಕೆ ಮಾತ್ರ ನಿಜವಾಗಿ ಹೆದರಿ. ದಪ್ಪ ಪ್ಲೇಟಿನ ಮೇಲೆ ಎತ್ತುವ ಕೊಕ್ಕೆ ವೆಲ್ಡ್ ಮಾಡಿದರೆ ಎಳೆತ ದಪ್ಪದ ದಿಕ್ಕಿಗೆ ಬೀಳುತ್ತದೆ. ವೆಲ್ಡ್ ಗಟ್ಟಿಯಾಗಿದ್ದರೂ ಕೆಳಗಿನ ಪ್ಲೇಟು ಪದರ ಪದರವಾಗಿ ಸೀಳಬಹುದು, ಹೊರಗಿಂದ ಏನೂ ಕಾಣುವುದಿಲ್ಲ. ಇಂಥ ಕಡೆ ಗಂಧಕ ತೀರಾ ಕಡಿಮೆ ಇರುವ, ದಪ್ಪದ ದಿಕ್ಕಿಗೂ ಪರೀಕ್ಷೆ ಮಾಡಿದ ಝಡ್25 ಅಥವಾ ಝಡ್35 ಗುರುತಿನ ಪ್ಲೇಟನ್ನೇ ಕೇಳಿ ತನ್ನಿ.