ಸೈಕಲ್ಲಿನ ಟ್ಯೂಬ್‌ಲೆಸ್ ಟೈರಿಗೆ ಸ್ಕೂಟರಿನ ಸ್ಟ್ರಿಪ್ ಹಾಕಿಸಬಹುದಾ?

ಬೇಡ, ದಯವಿಟ್ಟು ಹಾಕಿಸಬೇಡಿ. ಮುಂದಿನ ಚಕ್ರಕ್ಕೆ ಮೊಳೆ ಚುಚ್ಚಿದೆ, ಮನೆ ಹತ್ತಿರದ ಪಂಚರ್ ಅಂಗಡಿಯವರು ಸ್ಕೂಟರಿನ ಸ್ಟ್ರಿಪ್ಪನ್ನೇ (ತೂತಿಗೆ ತುರುಕುವ ರಬ್ಬರ್ ಪಟ್ಟಿ) ಹಾಕಿಕೊಡ್ತೀನಿ ಅಂತಿದ್ದಾರೆ, ಹಾಕಿಸಲಾ ಇಲ್ಲಾ ಸೈಕಲ್ಲಿನ ಒಳ್ಳೆ ರಿಪೇರಿ ಕಿಟ್ ತರಿಸಲಾ ಅಂತ ಕೇಳಿದ್ದೀರಿ. ನನಗೂ ಆಗಿದ್ದು ಇದೇ. ನಾನು ಹೂಂ ಅಂದೆ. ಟೈರ್ ಹೋಯಿತು.

ಒಂದು ಭಾನುವಾರ ನಂದಿ ಬೆಟ್ಟಕ್ಕೆ ಹೋಗಿ ವಾಪಸ್ ಬರುತ್ತಿದ್ದೆ. ನನ್ನದು ಗ್ರಾವೆಲ್ ಸೈಕಲ್, ಅಂದರೆ ಮಣ್ಣು ರಸ್ತೆಯಲ್ಲೂ ಓಡಿಸುವಂಥದ್ದು, 40 ಮಿಲಿಮೀಟರ್ ಅಗಲದ ಟ್ಯೂಬ್‌ಲೆಸ್ ಟೈರು. ದೇವನಹಳ್ಳಿ ದಾಟಿ ಬಳ್ಳಾರಿ ರಸ್ತೆಯ ಅಂಚಿನಲ್ಲಿ ಬರುವಾಗ ಹಿಂದಿನ ಚಕ್ರದಿಂದ ಬುಸ್ ಅಂತ ಸದ್ದು. ಇಳಿದು ನೋಡಿದರೆ ಗುಂಡುಸೂಜಿ ದಪ್ಪದ ಉಕ್ಕಿನ ತಂತಿ ಹೊಕ್ಕಿದೆ. ಲಾರಿ ಟೈರ್ ಸಿಡಿದಾಗ ಅದರೊಳಗಿನ ತಂತಿ ಚೂರುಚೂರಾಗಿ ರಸ್ತೆಯ ಅಂಚಿಗೆ ಬಂದು ಬೀಳುತ್ತದೆ. ಹೆದ್ದಾರಿಯಲ್ಲಿ ಸೈಕಲ್ ಓಡಿಸುವವರಿಗೆ ಗಾಜಿಗಿಂತ ಇದರ ಕಾಟ ಜಾಸ್ತಿ.

ಅಷ್ಟು ಸಣ್ಣ ತೂತು ತಾನಾಗೇ ಮುಚ್ಚಬೇಕಿತ್ತು. ಟೈರಿನೊಳಗೆ ಸೀಲೆಂಟ್ ಅನ್ನುವ ದ್ರವ ಹಾಕುವುದೇ ಅದಕ್ಕೆ ಅಲ್ವಾ? ಆದರೆ ನನ್ನ ಟೈರಿನಲ್ಲಿ ಸೀಲೆಂಟ್ ಒಣಗಿತ್ತು. ಬೇಸಿಗೆಗೆ ಮುಂಚೆ ಹಾಕಿಸಿದ್ದು, ಆಮೇಲೆ ತಿರುಗಿ ನೋಡಿರಲಿಲ್ಲ. ಸಾದಹಳ್ಳಿ ಟೋಲ್ ಆದಮೇಲೂ ಗಾಳಿ ಹೊಡೆಯುತ್ತಾ, ನಿಲ್ಲಿಸುತ್ತಾ ಬಂದೆ. ಚಿಕ್ಕಜಾಲದ ಹತ್ತಿರ ಸರ್ವಿಸ್ ರಸ್ತೆಯಲ್ಲಿ ಒಂದು ಪಂಚರ್ ಅಂಗಡಿ ಸಿಕ್ಕಿತು.

"ಟ್ಯೂಬ್‌ಲೆಸ್ಸಾ ಸಾರ್? ಎರಡೇ ನಿಮಿಷ, ಸ್ಟ್ರಿಪ್ ಹಾಕ್ತೀನಿ" ಅಂದರು ಅಂಗಡಿಯವರು. ಹಾಕಿ ಅಣ್ಣ ಅಂದೆ.

ಅವರ ತಪ್ಪಿಲ್ಲ. ದಿನವಿಡೀ ಸ್ಕೂಟರ್, ಬೈಕಿಗೆ ಮಾಡುವ ಕೆಲಸವನ್ನೇ ಮಾಡಿದರು. ಟೀ ಆಕಾರದ ಹಿಡಿ, ಅದರ ತುದಿಗೆ ಅರದ ಹಾಗೆ ಹಲ್ಲು ಇರುವ ದಪ್ಪ ಸೂಜಿ. ಅದನ್ನು ತೂತಿಗೆ ಹಾಕಿ ಮೇಲೆ ಕೆಳಗೆ ನಾಲ್ಕು ಸಲ ಉಜ್ಜಿದರು. ಆಮೇಲೆ ಕಂದು ಬಣ್ಣದ ದಪ್ಪ ಸ್ಟ್ರಿಪ್ ತುರುಕಿದರು. ಗಾಳಿ ನಿಂತಿತು. ದುಡ್ಡು ಕೊಟ್ಟು ಖುಷಿಯಾಗಿ ಹೊರಟೆ.

ಈ ಉಜ್ಜುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನ್ನ ಟೈರನ್ನು ಹಾಳು ಮಾಡಿದ್ದೇ ಅದು. ಸ್ಕೂಟರಿನ ಟೈರಿನಲ್ಲಿ ರಬ್ಬರ್ ದಪ್ಪ. ಸ್ಟ್ರಿಪ್ ಕೂರಬೇಕಾದರೆ ತೂತನ್ನು ಅಗಲ ಮಾಡಿ ಒರಟು ಮಾಡಲೇಬೇಕು. ಸುತ್ತ ದಪ್ಪ ರಬ್ಬರ್ ಇರುವುದರಿಂದ ಅದು ಸ್ಟ್ರಿಪ್ಪನ್ನು ಒತ್ತಿ ಹಿಡಿಯುತ್ತದೆ. ಸೈಕಲ್ ಟೈರಿನಲ್ಲಿ ಹಿಡಿಯುವುದಕ್ಕೆ ಅಷ್ಟು ರಬ್ಬರೇ ಇಲ್ಲ. ಮೇಲೆ ತೆಳ್ಳಗೆ ರಬ್ಬರು, ಅದರಡಿ ನೈಲಾನ್ ನೂಲಿನ ಪದರ, ಅಷ್ಟೇ. ಗಾಳಿಯ ಒತ್ತಡ ತಡೆಯುವುದು ಆ ನೂಲು. ಗೋಣಿಚೀಲಕ್ಕೆ ದಬ್ಬಣ ಚುಚ್ಚಿದರೆ ನೂಲು ಪಕ್ಕಕ್ಕೆ ಸರಿಯುತ್ತದೆ, ದಬ್ಬಣ ತೆಗೆದರೆ ಮತ್ತೆ ಕೂಡಿಕೊಳ್ಳುತ್ತದೆ. ಅದೇ ಜಾಗವನ್ನು ಅರದಿಂದ ಉಜ್ಜಿದರೆ ನೂಲು ಕಿತ್ತುಹೋಗುತ್ತದೆ. ತಂತಿ ಹೊಕ್ಕಾಗ ನನ್ನ ಟೈರಿನ ನೂಲು ಸರಿದಿತ್ತು ಅಷ್ಟೇ. ಕಿತ್ತಿದ್ದು ಅಂಗಡಿಯಲ್ಲಿ. ಒಂದು ಮಿಲಿಮೀಟರ್ ತೂತನ್ನು ನಾನೇ ಮುಂದೆ ನಿಂತು ಐದಾರು ಮಿಲಿಮೀಟರ್ ಮಾಡಿಸಿದೆ.

ಬಾಗಲೂರು ಕ್ರಾಸ್ ದಾಟುತ್ತಿದ್ದ ಹಾಗೆ ಸ್ಟ್ರಿಪ್ ಎಗರಿ ಹೋಯಿತು. ಈ ಸಲ ಅದು ತೂತಲ್ಲ, ಸೀಳು. ಬ್ಯಾಗಿನಲ್ಲಿದ್ದ ಟ್ಯೂಬ್ ತೆಗೆದೆ, ಸೀಳಿನ ಒಳಗೆ ಹತ್ತು ರೂಪಾಯಿ ನೋಟು ಮಡಚಿ ಇಟ್ಟು, ಟ್ಯೂಬ್ ಹಾಕಿ ಗಾಳಿ ಹೊಡೆದೆ. ಕೋಗಿಲು ಕ್ರಾಸ್ ಬರುವಷ್ಟರಲ್ಲಿ ಅದೂ ಇಳಿಯಿತು. ಯಾಕೆ ಗೊತ್ತಾ? ಸೀಲೆಂಟ್ ಚೆನ್ನಾಗಿದ್ದ ಕಾಲದಲ್ಲಿ ಚುಚ್ಚಿಕೊಂಡಿದ್ದ ಜಾಲಿ ಮುಳ್ಳುಗಳು ಟೈರಿನೊಳಗೆ ಹಾಗೇ ಇದ್ದವು. ಟ್ಯೂಬ್‌ಲೆಸ್ ಇರುವಾಗ ಅವು ಗೊತ್ತೇ ಆಗುವುದಿಲ್ಲ. ಟ್ಯೂಬ್ ಹಾಕಿದ ಕೂಡಲೇ ಒಂದೊಂದೂ ಸೂಜಿ. ಹೆಬ್ಬಾಳದ ತನಕ ಓಡಿಸುವ ಆಸೆ ಬಿಟ್ಟು ಲಗೇಜ್ ಆಟೋದಲ್ಲಿ ಮನೆಗೆ ಬಂದೆ. ಹೊಸ ಟೈರಿಗೆ ಸ್ಕೂಟರಿನ ಟೈರಿಗಿಂತ ಜಾಸ್ತಿ ದುಡ್ಡಾಯಿತು.

ಇನ್ನು ಕಿಟ್ ವಿಷಯ. ಯಾವ ಕಿಟ್ ಅನ್ನುವುದು ದೊಡ್ಡ ಪ್ರಶ್ನೆಯೇ ಅಲ್ಲ. ನಿಮ್ಮ ಟೈರಿನೊಳಗೆ ಸೀಲೆಂಟ್ ಇನ್ನೂ ನೀರಾಗಿದೆಯಾ? ಮೊದಲು ಅದನ್ನು ನೋಡಿ. ಸ್ಕೂಟರಿನ ಟೈರ್ ಒಳಪದರದಿಂದಲೇ ಗಾಳಿ ಹಿಡಿಯುತ್ತದೆ, ದ್ರವ ಬೇಕಿಲ್ಲ. ಸೈಕಲ್ಲಿನಲ್ಲೂ ಮೊದಲು ಹಾಗೇ ಇತ್ತು. 1999ರಲ್ಲಿ ಚಕ್ರ ತಯಾರಿಸುವ ಮಾವಿಕ್ ಕಂಪನಿ, ಟೈರ್ ಕಂಪನಿಗಳಾದ ಮಿಶಲಿನ್, ಹಚಿನ್ಸನ್ ಜೊತೆ ಸೇರಿ ತಂದ ಯುಎಸ್‌ಟಿ ಅನ್ನುವ ಟ್ಯೂಬ್‌ಲೆಸ್ ಟೈರುಗಳು ದ್ರವವಿಲ್ಲದೆ ನಿಲ್ಲುತ್ತಿದ್ದವು, ಆದರೆ ಭಾರ. ಈಗ ನಾವು ಕೊಳ್ಳುವ 'ಟ್ಯೂಬ್‌ಲೆಸ್ ರೆಡಿ' ಟೈರ್ ಹಗುರ, ತೆಳು. ಅದು ಸರಿಯಾಗಿ ಗಾಳಿ ಹಿಡಿಯಬೇಕಾದರೂ ಒಳಗೆ ಸೀಲೆಂಟ್ ಬೇಕು. ಸೀಲೆಂಟ್ ಅಂದರೆ ಹೆಚ್ಚಿನವು ರಬ್ಬರ್ ಹಾಲು, ಲೇಟೆಕ್ಸ್. ತೂತಿನಿಂದ ಹೊರಗೆ ನುಗ್ಗುವಾಗ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಅದೇ ಗುಣದಿಂದ ಒಳಗೂ ನಿಧಾನಕ್ಕೆ ಒಣಗುತ್ತದೆ. ತಯಾರಿಸುವವರೇ ಸಾಮಾನ್ಯವಾಗಿ 2ರಿಂದ 6 ತಿಂಗಳು ಅನ್ನುತ್ತಾರೆ. ಸೈಕಲ್ ಬಿಸಿಲಿಗೆ ಬೀಳುವ ಬಾಲ್ಕನಿಯಲ್ಲಿ ನಿಂತಿದ್ದರೆ ಆರು ತಿಂಗಳು ಮರೆತುಬಿಡಿ. ಮಾರ್ಚ್‌ನಿಂದ ಮೇ ತನಕ ನಾನಂತೂ ಎರಡು ತಿಂಗಳಿಗೊಮ್ಮೆ ನೋಡುತ್ತೇನೆ.

ನೋಡುವುದು ಸುಲಭ. ಚಕ್ರ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ, ಗುಳುಗುಳು ಅಂದರೆ ಇದೆ. ಸದ್ದಿಲ್ಲದಿದ್ದರೆ ಗಾಳಿ ಇಳಿಸಿ, ವಾಲ್ವಿನ ಒಳಗಿನ ಕೋರ್ ಬಿಚ್ಚಿ, ಸಿರಿಂಜಿನಿಂದ ಸೀಲೆಂಟ್ ಹಾಕಿ. 40 ಮಿಲಿಮೀಟರ್ ಟೈರು ಪೂರ್ತಿ ಒಣಗಿದ್ದರೆ 60ರಿಂದ 90 ಮಿಲಿಲೀಟರ್ ಬೇಕು. ಬಾಟಲಿ ಚೆನ್ನಾಗಿ ಕುಲುಕಿಯೇ ತುಂಬಿ. ಕುಲುಕದಿದ್ದರೆ ತೂತು ಮುಚ್ಚುವ ಪುಡಿಯೆಲ್ಲಾ ತಳದಲ್ಲೇ ಉಳಿಯುತ್ತದೆ. ಬಟ್ಟೆಗೆ ಬಿದ್ದರೆ ಒದ್ದೆ ಇರುವಾಗಲೇ ತೊಳೆಯಿರಿ, ಒಣಗಿದರೆ ಹೋಗುವುದಿಲ್ಲ.

ಈಗ ನಿಮ್ಮ ಮೊಳೆಗೆ ಬನ್ನಿ. ಅದು ಇನ್ನೂ ಟೈರಿನಲ್ಲೇ ಇದ್ದರೆ ಸೀಲೆಂಟ್ ತುಂಬುವ ತನಕ ಕೀಳಬೇಡಿ. ಆಮೇಲೆ ಕಿತ್ತು, ತೂತು ಕೆಳಗೆ ಬರುವ ಹಾಗೆ ಚಕ್ರ ತಿರುಗಿಸಿ ಒಂದೆರಡು ನಿಮಿಷ ಹಿಡಿಯಿರಿ. ಸೀಲೆಂಟ್ ಅಲ್ಲಿಗೆ ಬಂದು ನಿಲ್ಲುತ್ತದೆ. ನಿಮ್ಮ ತೂತು ಮೂರು ಮಿಲಿಮೀಟರಿನ ಒಳಗಿದ್ದರೆ ಸಾಮಾನ್ಯವಾಗಿ ಇಷ್ಟರಲ್ಲೇ ಮುಚ್ಚುತ್ತದೆ. ಮುಚ್ಚದಿದ್ದರೆ ಸೈಕಲ್ಲಿಗೆ ಅಂತಲೇ ಬರುವ ಸಣ್ಣ ಸ್ಟ್ರಿಪ್ ತಗೊಳ್ಳಿ. ಒಂದೂವರೆ ಮಿಲಿಮೀಟರ್ ದಪ್ಪದ್ದು, ಮೂರೂವರೆಯದು ಎರಡೂ ಸಿಗುತ್ತವೆ. ಉಜ್ಜದೆ, ಅದನ್ನು ಸೂಜಿಗೆ ಪೋಣಿಸಿ ನೇರ ಚುಚ್ಚಿ, ಸ್ಟ್ರಿಪ್ಪಿನ ಬಾಲ ಹೊರಗೆ ಬಿಟ್ಟು ಸೂಜಿ ಎಳೆದುಕೊಳ್ಳಿ. ಉಳಿದ ಬಾಲವನ್ನು ಪೂರ್ತಿ ಬುಡಕ್ಕೆ ಕತ್ತರಿಸಬೇಡಿ. ಟೈರಿನ ಪಕ್ಕದ ಗೋಡೆ ಹರಿದಿದ್ದರೆ ಸ್ಟ್ರಿಪ್ಪನ್ನು ನಂಬಬೇಡಿ.

ಪಂಚರ್ ಅಂಗಡಿಯವರಿಂದ ಬೇರೆ ಕೆಲಸ ಮಾಡಿಸಿಕೊಳ್ಳಿ. ಟೈರ್ ಬಿಚ್ಚಿ, ಒಳಗೆ ಒಣಗಿದ ಸೀಲೆಂಟ್ ಕೆರೆದು, ಸಲ್ಯೂಷನ್ ಹಚ್ಚಿ ಒಳಗಿನಿಂದ ಪ್ಯಾಚ್ ಹಾಕಿ ಅಂದರೆ ನಮಗಿಂತ ಚೆನ್ನಾಗಿ ಹಾಕುತ್ತಾರೆ. ದೊಡ್ಡ ತೂತಿಗೆ ಅದಕ್ಕಿಂತ ಗಟ್ಟಿ ರಿಪೇರಿ ಇಲ್ಲ. ಬಿಚ್ಚಿದ ಟೈರನ್ನು ಮತ್ತೆ ರಿಮ್ಮಿಗೆ ಕೂರಿಸಲು ಅವರ ಕಂಪ್ರೆಸರ್ರೇ ಬೇಕು, ಕೈಪಂಪಿನಿಂದ ಆಗುವುದು ಕಷ್ಟ. ಅವರ ಪೈಪು ಸ್ಕೂಟರಿನ ವಾಲ್ವಿಗೆ ಮಾತ್ರ ಕೂರುತ್ತದೆ. ನಮ್ಮ ಸಣ್ಣ ಪ್ರೆಸ್ಟಾ ವಾಲ್ವಿಗೆ ಒಂದು ಹಿತ್ತಾಳೆ ಅಡಾಪ್ಟರ್ ಬೇಕು. ಸೈಕಲ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ, ಒಂದನ್ನು ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟಿರಿ.

ಕೊನೆಗೆ, ನೀವು ಕೇಳದೆ ಇದ್ದದ್ದು. ಮನೆಯಿಂದ ಆಫೀಸಿಗೆ ಐದಾರು ಕಿಲೋಮೀಟರ್, ಊರೊಳಗೇ ಓಡಾಟ ಅಂತ ಬರೆದಿದ್ದೀರಿ. ಎರಡು ತಿಂಗಳಿಗೊಮ್ಮೆ ಸಿರಿಂಜ್ ಹಿಡಿಯುವ ಮನಸ್ಸಿದ್ದರೆ ಮಾತ್ರ ಟ್ಯೂಬ್‌ಲೆಸ್ ಇಟ್ಟುಕೊಳ್ಳಿ. ಇಲ್ಲದಿದ್ದರೆ ಟ್ಯೂಬ್ ಹಾಕಿಸಿ. ಯಾರು ಏನೇ ಹೇಳಲಿ, ಬೆಂಗಳೂರಿನ ಯಾವ ಬೀದಿಯಲ್ಲಿ ಪಂಚರ್ ಆದರೂ ಟ್ಯೂಬಿಗೆ ಪ್ಯಾಚ್ ಹಾಕುವವರು ಸಿಗುತ್ತಾರೆ. ಹಾಕಿಸುವ ಮುಂಚೆ ಟೈರಿನ ಒಳಗೆ ಪೂರ್ತಿ ಬಟ್ಟೆ ಆಡಿಸಿ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ, ಕಿತ್ತು ತೆಗೆಯಿರಿ. ಬಿಚ್ಚಿದ ಟ್ಯೂಬ್‌ಲೆಸ್ ವಾಲ್ವನ್ನು ತೊಳೆದು ಎತ್ತಿಡಿ, ಅಂಗಡಿಯಲ್ಲೇ ಬಿಟ್ಟು ಬರಬೇಡಿ.