ಮದುವೆಯಾದರೆ ತಮ್ಮನ ಬೈಪೋಲಾರ್ ಸರಿಹೋಗುತ್ತದೆಯೇ?

ಹುಡುಗಿಯ ಮನೆಯವರಿಗೆ ಹೇಳದೆ ತಮ್ಮನ ಮದುವೆ ಮಾಡಿಬಿಡೋಣ ಎಂದು ನಿಮ್ಮ ಅಮ್ಮ ಹಟ ಹಿಡಿದಿದ್ದಾರೆ ಎಂದಿದ್ದೀರಿ. ದಯವಿಟ್ಟು ಬೇಡ, ಮದುವೆಯಿಂದ ಈ ಕಾಯಿಲೆ ಸರಿಹೋಗುವುದಿಲ್ಲ. ನನಗೂ ಇದೇ ಬೈಪೋಲಾರ್ ಇದೆ, ಅಂದರೆ ಮನಸ್ಸು ಕೆಲವೊಮ್ಮೆ ಅತಿ ಹುರುಪಿಗೆ (ಉನ್ಮಾದ), ಕೆಲವೊಮ್ಮೆ ಖಿನ್ನತೆಗೆ ಜಾರುವ ಕಾಯಿಲೆ. ಮದುವೆಯಾಗಿ ಒಂಬತ್ತು ವರ್ಷವಾಯಿತು. ಕಾಯಿಲೆ ಮುಚ್ಚಿಟ್ಟರೆ ಮಾತ್ರೆಯನ್ನೂ ಕದ್ದು ನುಂಗಬೇಕಾಗುತ್ತದೆ, ಮೊದಲು ತಪ್ಪುವುದು ಅದೇ. ನಾನು ಎರಡು ರಾತ್ರಿ ನಿದ್ದೆಗೆಟ್ಟು ಹುರುಪಿನಿಂದ ಓಡಾಡಿದರೆ ಉನ್ಮಾದದ ಸುಳಿವು ಹಿಡಿಯುವವಳು ನನ್ನ ಹೆಂಡತಿ. ಈ ಕಾಯಿಲೆಗೆ ನುಂಗುವ ಲಿಥಿಯಂ ಔಷಧಿಯ ಪ್ರಮಾಣ ನೋಡುವ ರಕ್ತಪರೀಕ್ಷೆಯನ್ನು ನೆನಪಿಸುವವಳೂ ಅವಳೇ. ಗೊತ್ತಿಲ್ಲದಿದ್ದರೆ ಹೇಗೆ ಮಾಡುತ್ತಿದ್ದಳು? ಸದಾ ಟೀಕೆ, ಜಗಳವಿರುವ ಮನೆಯಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು. (ನಿದ್ದೆಗೆಟ್ಟರೂ ಉನ್ಮಾದ ಕೆರಳಬಹುದು, ಹಾಗಾಗಿ ಮದುವೆ ಮನೆಯ ನಿದ್ದೆಗೇಡಿನ ಬಗ್ಗೆಯೂ ಎಚ್ಚರವಿರಲಿ.)

ಸ್ಥಿರವಾಗಿರುವಾಗ ತಮ್ಮನೇ ಹುಡುಗಿಗೆ ಹೇಳಲಿ, ಇಬ್ಬರೂ ವೈದ್ಯರನ್ನು ಕಾಣಲಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಅಮ್ಮನನ್ನೂ ಕರೆದುಕೊಂಡು ಹೋಗಿ. ಅದಕ್ಕೂ ಮೊದಲು ಯಾರೊಡನಾದರೂ ಮಾತನಾಡಬೇಕೆನಿಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತನಾಡುತ್ತಾರೆ.